ಅಕ್ಷರವೇ ದಾರಿಯಾದವನು: ಅಬ್ರಹಾಂ ಅಬುಲಾಫಿಯಾ

ಬುದ್ಧಿಗೂ ಅನುಭಾವಕ್ಕೂ ಹಗೆತನವೆಂದು ನಾವು ಸುಲಭವಾಗಿ ನಂಬಿಬಿಡುತ್ತೇವೆ. ಆ ನಂಬಿಕೆಗೆ ಒಪ್ಪದ ಬದುಕು ಅಬ್ರಹಾಂ ಅಬುಲಾಫಿಯಾನದು. 1240ರಲ್ಲಿ ಸ್ಪೇನಿನ ಸರಗೋಸಾದಲ್ಲಿ ಜನಿಸಿದ ಈ ಯೆಹೂದಿ, ತನ್ನ ಜನಾಂಗದ ಕಳೆದುಹೋದ ಹತ್ತು ಕುಲಗಳು ಸಂಬಾತ್ಯೋನ್ ನದಿಯಾಚೆ ಇವೆಯೆಂಬ ಐತಿಹ್ಯವನ್ನು ನಂಬಿ 1260ರಲ್ಲಿ ಪೂರ್ವಕ್ಕೆ ಹೊರಟ. ಯುದ್ಧದ ಕಾರಣ ಆಕ್ರಾ ಬಂದರಿನಿಂದಲೇ ಹಿಂದಿರುಗಬೇಕಾಯಿತು. ಅನಂತರ ಇಟಲಿಯ ಕಾಪುವಾದಲ್ಲಿ ಮೈಮೊನಿಡಿಸನ ತತ್ತ್ವಶಾಸ್ತ್ರವನ್ನೂ, ಬಾರ್ಸಿಲೋನಾದಲ್ಲಿ ಅಕ್ಷರಗಳಿಂದಲೇ ಸೃಷ್ಟಿಯಾಯಿತೆನ್ನುವ ‘ಸೆಫೆರ್ ಯೆತ್ಸಿರಾ’ವನ್ನೂ ಅಭ್ಯಸಿಸಿದ. ಮೊದಲನೆಯದು ಗುರಿಯನ್ನು ತೋರಿತು, ಎರಡನೆಯದು ದಾರಿಯನ್ನು.

ಹೀಬ್ರೂ ಲಿಪಿಯ ಇಪ್ಪತ್ತೆರಡು ಅಕ್ಷರಗಳೂ ವ್ಯಂಜನಗಳೇ. ಸ್ವರಗಳನ್ನು ಓದುವವರು ತುಂಬಿಕೊಳ್ಳಬೇಕು. ದೇವರ ನಾಮದ ಅಕ್ಷರಗಳನ್ನು ನಮ್ಮ ಕಾಗುಣಿತದಂತೆ ಒಂದೊಂದು ಸ್ವರದೊಡನೆ ಕೂಡಿಸಿ, ಹಿಂದುಮುಂದಾಗಿಸಿ ಉಚ್ಚರಿಸುವುದು ಅಬುಲಾಫಿಯಾನ ಸಾಧನೆ. ಪ್ರತಿ ಅಕ್ಷರಕ್ಕೂ ಉಸಿರಿನ ಕ್ರಮವುಂಟು. ಪ್ರತಿ ಸ್ವರಕ್ಕೂ ತಲೆಯ ಚಲನೆಯುಂಟು. ಜಪವೂ ಪ್ರಾಣಾಯಾಮವೂ ನಮಗೆ ನೆನಪಾಗುವುದು ಸಹಜ. ಆದರೆ ಜಪದಲ್ಲಿ ಒಂದೇ ನಾಮದ ಆವರ್ತನೆಯಿಂದ ಮನಸ್ಸು ನೆಲೆಗೊಳ್ಳುತ್ತದೆ. ಇಲ್ಲಿ ಅಕ್ಷರಗಳು ಕ್ಷಣಕ್ಷಣವೂ ಬದಲಾಗುವುದರಿಂದ ಮನಸ್ಸಿಗೆ ಒಂದೆಡೆ ನಿಲ್ಲಲು ಎಡೆಯೇ ಇಲ್ಲ. ಆತ್ಮವನ್ನು ಬಿಗಿದ ಗಂಟುಗಳು ಹೀಗೆ ಸಡಿಲವಾಗುತ್ತವೆಂದು ಅವನ ಮತ.

1280ರಲ್ಲಿ ಯೆಹೂದಿಗಳ ಹೆಸರಿನಲ್ಲಿ ಮಾತನಾಡಲು ಪೋಪ್ ಮೂರನೆಯ ನಿಕೊಲಸನನ್ನು ಕಾಣಹೊರಟ. ಬಂದರೆ ಸುಟ್ಟುಬಿಡಿರೆಂದು ಪೋಪ್ ಆಜ್ಞಾಪಿಸಿದ್ದನೆಂದೂ, ತಿಳಿದೂ ತಾನು ಹೋದೆನೆಂದೂ ಅವನೇ ಬರೆದಿದ್ದಾನೆ. ಅಷ್ಟರಲ್ಲಿ ಪೋಪ್ ತೀರಿಕೊಂಡಿದ್ದ. ಇಪ್ಪತ್ತೆಂಟು ದಿನಗಳ ಸೆರೆಯ ಬಳಿಕ ಅಬುಲಾಫಿಯಾ ಬಿಡುಗಡೆಗೊಂಡ.

ಪೋಪನ ಬೆಂಕಿಯಿಂದ ಪಾರಾದವನು ಸ್ವಮತದ ಪಂಡಿತನ ಓಲೆಯಿಂದ ಪಾರಾಗಲಿಲ್ಲ. ಪ್ರವಾದಿತ್ವವನ್ನು ಸಾರಿಕೊಂಡ ಅವನನ್ನು ಬಾರ್ಸಿಲೋನಾದ ಸೊಲೊಮನ್ ಇಬ್ನ್ ಅದ್ರೆತ್ ವಂಚಕನೆಂದು ಖಂಡಿಸಿದ. ಅನ್ಯಧರ್ಮೀಯ ಅರಸರ ಕೈಕೆಳಗೆ ಬಾಳುತ್ತಿದ್ದ ಸಮುದಾಯಕ್ಕೆ ಇಂಥ ಸಾರಿಕೆ ಆಪತ್ತನ್ನು ತರಬಹುದಿತ್ತೆಂಬುದನ್ನು ನಾವು ಮರೆಯಬಾರದು. ಸಿಸಿಲಿಯಿಂದ ಹೊರಬಿದ್ದ ಅಬುಲಾಫಿಯಾ ಮಾಲ್ಟಾ ಬಳಿಯ ಕೊಮಿನೊ ಎಂಬ ಪುಟ್ಟ ದ್ವೀಪವನ್ನು ಸೇರಿ ಅಲ್ಲಿ ‘ಸೆಫೆರ್ ಹಾ-ಓತ್’ ರಚಿಸಿದ. 1291ರ ಬಳಿಕ ಅವನ ಸುಳಿವಿಲ್ಲ.

ಅವನ ಕೃತಿಗಳು ಶತಮಾನಗಳ ಕಾಲ ಅಚ್ಚಾಗಲಿಲ್ಲ. ಮುಂದೆ ಹಯೀಮ್ ವಿಟಾಲ್ ತನ್ನ ಗ್ರಂಥವೊಂದರ ನಾಲ್ಕನೆಯ ಭಾಗದಲ್ಲಿ ಅವನ ಸಾಧನಾಕ್ರಮವನ್ನು ಉದ್ಧರಿಸಿದಾಗ, ಮುದ್ರಕರು ಆ ಭಾಗವನ್ನೇ ಕೈಬಿಟ್ಟರು. ಆದರೂ ಕೈಬರಹದ ಪ್ರತಿಗಳು ಕೈಯಿಂದ ಕೈಗೆ ದಾಟಿದವು. ಅಚ್ಚಿಗೆ ಅಯೋಗ್ಯವೆನಿಸಿದ್ದನ್ನು ಯಾರೋ ರಾತ್ರಿಯಲ್ಲಿ ದೀಪ ಹಚ್ಚಿಟ್ಟುಕೊಂಡು ನಕಲು ಮಾಡುತ್ತಲೇ ಇದ್ದಿರಬೇಕು. ಇಲ್ಲದಿದ್ದರೆ ನಾವಿಂದು ಅವನ ಕೃತಿಗಳನ್ನು ಓದಲಾಗುತ್ತಿರಲಿಲ್ಲ.