ಆನ್‌ಜಾಕ್ ದಿನದ ರಗ್ಬಿ ಲೀಗ್ ಪಂದ್ಯ

ಆನ್‌ಜಾಕ್ ದಿನದ ರಗ್ಬಿ ಲೀಗ್ ಪಂದ್ಯವು ಆಸ್ಟ್ರೇಲಿಯಾದ ಸಿಡ್ನಿ ನಗರದಲ್ಲಿ ಪ್ರತಿವರ್ಷ ಏಪ್ರಿಲ್ 25ರಂದು ಸಿಡ್ನಿ ರೂಸ್ಟರ್ಸ್ ಮತ್ತು ಸೇಂಟ್ ಜಾರ್ಜ್ ಇಲವಾರ ಡ್ರ್ಯಾಗನ್ಸ್ ತಂಡಗಳ ನಡುವೆ ನಡೆಯುತ್ತದೆ. ಇದು ನ್ಯಾಷನಲ್ ರಗ್ಬಿ ಲೀಗ್ (ಎನ್‌ಆರ್‌ಎಲ್) ಪಂದ್ಯಾವಳಿಯ ಒಂದು ಲೀಗ್ ಪಂದ್ಯವಾಗಿದ್ದು, ಗೆದ್ದ ತಂಡಕ್ಕೆ ಆನ್‌ಜಾಕ್ ದಿನದ ಕಪ್ ನೀಡಲಾಗುತ್ತದೆ. ಏಪ್ರಿಲ್ 25 ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ದೇಶಗಳು ಯುದ್ಧದಲ್ಲಿ ಮಡಿದವರನ್ನು ಸ್ಮರಿಸುವ ರಾಷ್ಟ್ರೀಯ ದಿನ. ಆದ್ದರಿಂದ ಈ ಪಂದ್ಯಕ್ಕೆ ಅಂಕಪಟ್ಟಿಯ ಲೆಕ್ಕವನ್ನು ಮೀರಿದ ಮಹತ್ವವಿದೆ. ಶೋಕಾಚರಣೆಯ ದಿನದಂದು ಆಟಕ್ಕೆ ಎಷ್ಟು ಸ್ಥಾನವಿರಬೇಕು ಎಂಬ ಹಳೆಯ ಪ್ರಶ್ನೆಯೂ ಇದರೊಂದಿಗೆ ಬೆಸೆದುಕೊಂಡಿದೆ.

ಆನ್‌ಜಾಕ್ ದಿನದ ಹಿನ್ನೆಲೆ

ಆನ್‌ಜಾಕ್ ಎಂಬುದು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಸೇನಾದಳದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದಾದ ಪದ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಈಜಿಪ್ಟಿನಲ್ಲಿ ರೂಪುಗೊಂಡ ಈ ದಳವು 1915ರ ಏಪ್ರಿಲ್ 25ರ ನಸುಕಿನಲ್ಲಿ ಇಂದಿನ ಟರ್ಕಿಯ ಗ್ಯಾಲಿಪೊಲಿ ಪರ್ಯಾಯ ದ್ವೀಪದ ದಡಕ್ಕಿಳಿಯಿತು. ಡಾರ್ಡನೆಲ್ಸ್ ಜಲಸಂಧಿಯನ್ನು ವಶಪಡಿಸಿಕೊಂಡು, ಒಟ್ಟೋಮನ್ ಸಾಮ್ರಾಜ್ಯವನ್ನು ಯುದ್ಧದಿಂದ ಹೊರದೂಡುವುದು ಮಿತ್ರರಾಷ್ಟ್ರಗಳ ಉದ್ದೇಶವಾಗಿತ್ತು. ಆದರೆ ಕಡಿದಾದ ಗುಡ್ಡಗಳ ಮೇಲಿದ್ದ ಒಟ್ಟೋಮನ್ ಪಡೆಗಳ ಪ್ರತಿರೋಧದಿಂದ ಕಾರ್ಯಾಚರಣೆ ಸ್ಥಗಿತಗೊಂಡು ಕಂದಕಗಳ ಯುದ್ಧವಾಗಿ ಮಾರ್ಪಟ್ಟಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಆನ್‌ಜಾಕ್ ದಳವನ್ನು ಅಲ್ಲಿಂದ ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಈ ಕಾರ್ಯಾಚರಣೆಯಲ್ಲಿ ಆಸ್ಟ್ರೇಲಿಯಾದ 8,000ಕ್ಕೂ ಹೆಚ್ಚು ಮತ್ತು ನ್ಯೂಜಿಲೆಂಡಿನ 2,700ಕ್ಕೂ ಹೆಚ್ಚು ಸೈನಿಕರು ಪ್ರಾಣ ಕಳೆದುಕೊಂಡರು. ಒಟ್ಟೋಮನ್ ಪಡೆಗಳಿಗಾದ ಪ್ರಾಣಹಾನಿ ಇದಕ್ಕಿಂತ ಹಲವು ಪಟ್ಟು ಹೆಚ್ಚಾಗಿತ್ತು.

ಈ ಘಟನೆಗೆ ಭಾರತದ ನಂಟೂ ಇದೆ. ಆನ್‌ಜಾಕ್ ದಳದ ಸೇನಾನಿಯಾಗಿದ್ದ ವಿಲಿಯಂ ಬರ್ಡ್‌ವುಡ್ ಪುಣೆಯ ಸಮೀಪದ ಖಡ್ಕಿಯಲ್ಲಿ ಜನಿಸಿ, ಬ್ರಿಟಿಷ್ ಭಾರತೀಯ ಸೇನೆಯಲ್ಲಿ ಸೇವೆ ಸಲ್ಲಿಸಿದವರು. ದಳದೊಂದಿಗೆ ಮೊದಲ ದಿನವೇ ದಡಕ್ಕಿಳಿದ ಬೆಟ್ಟದ ಫಿರಂಗಿ ಪಡೆಯೂ ಭಾರತೀಯ ಸೇನೆಗೆ ಸೇರಿತ್ತು.

ಮರುವರ್ಷ, ಅಂದರೆ 1916ರಿಂದಲೇ, ಏಪ್ರಿಲ್ 25ನ್ನು ಸ್ಮರಣೆಯ ದಿನವಾಗಿ ಆಚರಿಸುವುದು ಆರಂಭವಾಯಿತು. ಎರಡನೆಯ ಮಹಾಯುದ್ಧದ ನಂತರ ಈ ದಿನದ ವ್ಯಾಪ್ತಿ ವಿಸ್ತರಿಸಿತು. ಈಗ ಎಲ್ಲ ಯುದ್ಧಗಳಲ್ಲಿಯೂ ಶಾಂತಿಪಾಲನಾ ಕಾರ್ಯಗಳಲ್ಲಿಯೂ ಮಡಿದವರನ್ನು ಅಂದು ನೆನೆಯಲಾಗುತ್ತದೆ. ಸೂರ್ಯೋದಯಕ್ಕೆ ಮುನ್ನ ಯುದ್ಧ ಸ್ಮಾರಕಗಳ ಬಳಿ ಸ್ಮರಣ ಸಭೆ, ಅನಂತರ ನಿವೃತ್ತ ಯೋಧರ ಮೆರವಣಿಗೆ, ಮಧ್ಯಾಹ್ನದ ನಂತರ ಹಳೆಯ ಒಡನಾಡಿಗಳ ಭೇಟಿ ಎಂಬುದು ಆ ದಿನದ ರೂಢಿಯ ಕ್ರಮ. ರಗ್ಬಿ ಲೀಗ್ ಪಂದ್ಯವು ಈ ಕ್ರಮದ ಕೊನೆಯ ಭಾಗದಲ್ಲಿ ಬರುತ್ತದೆ.

ರಗ್ಬಿ ಲೀಗ್ ಮತ್ತು ಮೊದಲನೆಯ ಮಹಾಯುದ್ಧ

ರಗ್ಬಿ ಲೀಗ್ ಎಂಬುದು ತಲಾ ಹದಿಮೂರು ಆಟಗಾರರ ಎರಡು ತಂಡಗಳು ಎಂಬತ್ತು ನಿಮಿಷ ಆಡುವ ಆಟ. ಚೆಂಡನ್ನು ಎದುರಾಳಿಯ ಗೋಲು ಗೆರೆಯ ಆಚೆ ನೆಲಕ್ಕೆ ಮುಟ್ಟಿಸುವುದಕ್ಕೆ ‘ಟ್ರೈ’ ಎನ್ನುತ್ತಾರೆ. ಅದಕ್ಕೆ ಈಗ ನಾಲ್ಕು ಅಂಕ. ಕೂಲಿ ತಪ್ಪಿಸಿಕೊಂಡು ಆಡಲು ಬರುವ ಕಾರ್ಮಿಕ ಆಟಗಾರರಿಗೆ ಪರಿಹಾರ ಕೊಡಬೇಕೇ ಎಂಬ ವಿವಾದದಿಂದ 1895ರಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ರಗ್ಬಿ ಒಕ್ಕೂಟದಿಂದ ಬೇರೆಯಾದಾಗ ಈ ಆಟ ಹುಟ್ಟಿಕೊಂಡಿತು. ಸಿಡ್ನಿಯಲ್ಲಿ ಇದರ ಮೊದಲ ಪಂದ್ಯಾವಳಿ 1908ರಲ್ಲಿ ನಡೆಯಿತು. ಅಲ್ಲಿಯೂ ಇದು ಬಹುಮಟ್ಟಿಗೆ ದುಡಿಯುವ ವರ್ಗದವರ ಆಟವಾಗಿ ಬೆಳೆಯಿತು.

ಮಹಾಯುದ್ಧ ಆರಂಭವಾದಾಗ ಸಿಡ್ನಿಯ ಎರಡು ರಗ್ಬಿ ಸಂಸ್ಥೆಗಳು ಭಿನ್ನ ದಾರಿ ಹಿಡಿದವು. ಹವ್ಯಾಸಿ ಆಟಗಾರರ ರಗ್ಬಿ ಯೂನಿಯನ್ ತನ್ನ ಪ್ರಮುಖ ಪಂದ್ಯಾವಳಿಯನ್ನು ನಿಲ್ಲಿಸಿತು. ನ್ಯೂ ಸೌತ್ ವೇಲ್ಸ್ ರಗ್ಬಿ ಲೀಗ್ ಮಾತ್ರ ಯುದ್ಧದ ಎಲ್ಲ ವರ್ಷಗಳಲ್ಲಿಯೂ ಪಂದ್ಯಗಳನ್ನು ನಡೆಸಿತು. ಸದೃಢ ಯುವಕರು ಸೇನೆಗೆ ಸೇರದೆ ಮೈದಾನದಲ್ಲಿ ಆಡುತ್ತಿದ್ದಾರೆ ಎಂಬ ಆಕ್ಷೇಪ ಆಗ ಕೇಳಿಬಂತು. ಶ್ರಮಜೀವಿಗಳಿಗೆ ವಾರಕ್ಕೊಮ್ಮೆ ಸಿಗುವ ಮನರಂಜನೆಯನ್ನು ಕಸಿದುಕೊಳ್ಳಬಾರದು ಎಂಬುದು ಇನ್ನೊಂದು ಪಕ್ಷದ ವಾದವಾಗಿತ್ತು. ಕಡ್ಡಾಯ ಸೇನಾಸೇವೆಯ ಪ್ರಸ್ತಾಪವನ್ನು ಆಸ್ಟ್ರೇಲಿಯಾದ ಮತದಾರರು 1916 ಮತ್ತು 1917ರಲ್ಲಿ ಎರಡು ಬಾರಿ ತಿರಸ್ಕರಿಸಿದ್ದರಿಂದ, ಸೇನೆಗೆ ಸೇರುವುದು ಪ್ರತಿಯೊಬ್ಬನ ಸ್ವಂತ ತೀರ್ಮಾನವಾಗಿಯೇ ಉಳಿಯಿತು. ಹಾಗೆ ಸ್ವಇಚ್ಛೆಯಿಂದ ಸೇರಿ ಮಡಿದವರಲ್ಲಿ ರಗ್ಬಿ ಲೀಗ್‌ಗೆ ಸೇರಿದವರೂ ಇದ್ದರು.

ಎಡ್ವರ್ಡ್ (ಟೆಡ್) ಲಾರ್ಕಿನ್: 1903ರಲ್ಲಿ ಆಸ್ಟ್ರೇಲಿಯಾದ ಪರವಾಗಿ ರಗ್ಬಿ ಯೂನಿಯನ್ ಆಡಿದ್ದ ಇವರು ಮೊದಲು ಪೊಲೀಸ್ ಇಲಾಖೆಯಲ್ಲಿದ್ದು, 1909ರಲ್ಲಿ ನ್ಯೂ ಸೌತ್ ವೇಲ್ಸ್ ರಗ್ಬಿ ಲೀಗ್‌ನ ಕಾರ್ಯದರ್ಶಿಯಾದರು. ಸಾಲದಲ್ಲಿ ತೊಳಲುತ್ತಿದ್ದ ಹೊಸ ಸಂಸ್ಥೆಯನ್ನು ನೆಲೆಗೊಳಿಸಿದವರಲ್ಲಿ ಇವರು ಪ್ರಮುಖರು. 1913ರಲ್ಲಿ ವಿಲೋಬಿ ಕ್ಷೇತ್ರದಿಂದ ಲೇಬರ್ ಪಕ್ಷದ ಶಾಸಕರಾಗಿ ಆಯ್ಕೆಯಾದರು. ಯುದ್ಧ ಆರಂಭವಾದೊಡನೆ ಸೇನೆಗೆ ಸೇರಿದ ಲಾರ್ಕಿನ್, ಗ್ಯಾಲಿಪೊಲಿಯಲ್ಲಿ ದಡಕ್ಕಿಳಿದ ಮೊದಲ ದಿನವೇ, 1915ರ ಏಪ್ರಿಲ್ 25ರಂದು, ಮಡಿದರು. ಅದೇ ಕಾರ್ಯಾಚರಣೆಯಲ್ಲಿ ಮೃತಪಟ್ಟ ಇನ್ನೊಬ್ಬ ಶಾಸಕ ಜಾರ್ಜ್ ಬ್ರಾಂಡ್ ಅವರೊಂದಿಗೆ ಇವರ ಹೆಸರಿರುವ ಸ್ಮಾರಕ ಫಲಕ ಸಿಡ್ನಿಯ ಶಾಸನಸಭೆಯಲ್ಲಿದೆ.

ಚಾರ್ಲ್ಸ್ ಸೇವರಿ: ನ್ಯೂಜಿಲೆಂಡಿನ ರಗ್ಬಿ ಲೀಗ್ ಆಟಗಾರ, ಮುಷ್ಟಿಯುದ್ಧದಲ್ಲಿಯೂ ಹೆಸರು ಮಾಡಿದ್ದರು. 1915ರ ಮೇ 8ರಂದು ಗ್ಯಾಲಿಪೊಲಿಯಲ್ಲಿ ಮಡಿದರು.

ಬಾಬ್ ಟಿಡಿಮನ್: ಇಂದಿನ ಸಿಡ್ನಿ ರೂಸ್ಟರ್ಸ್‌ನ ಮೂಲವಾದ ಈಸ್ಟರ್ನ್ ಸಬರ್ಬ್ಸ್ ಕ್ಲಬ್ಬಿನ ಆಟಗಾರ. 1914ರಲ್ಲಿ ಆಸ್ಟ್ರೇಲಿಯಾ ತಂಡವನ್ನು ಪ್ರತಿನಿಧಿಸಿದ್ದ ಇವರು 1916ರಲ್ಲಿ ಫ್ರಾನ್ಸಿನ ರಣರಂಗದಲ್ಲಿ ಮಡಿದರು.

ಸಿಡ್ನಿಯಲ್ಲಿ ಈ ಆಟಕ್ಕೆ ನೆಲೆಯೊದಗಿಸಿದ ಕಾರ್ಯದರ್ಶಿಯೇ ಮೊದಲ ಆನ್‌ಜಾಕ್ ದಿನದಂದು ಮಡಿದಿರುವುದರಿಂದ, ಆ ದಿನಕ್ಕೂ ರಗ್ಬಿ ಲೀಗ್‌ಗೂ ಇರುವ ಸಂಬಂಧ ಕೇವಲ ವೇಳಾಪಟ್ಟಿಯ ಸಂಬಂಧವಲ್ಲ.

ಸ್ಮರಣೆಯ ದಿನದಂದು ಕ್ರೀಡೆ

ಆರಂಭದ ದಶಕಗಳಲ್ಲಿ ಆನ್‌ಜಾಕ್ ದಿನ ಸಂಪೂರ್ಣ ಶೋಕಾಚರಣೆಯ ದಿನವಾಗಿತ್ತು. ನ್ಯೂಜಿಲೆಂಡಿನಲ್ಲಿ 1920ರ ಕಾಯ್ದೆಯು ಅದನ್ನು ರಜಾದಿನವನ್ನಾಗಿ ಮಾಡಿತು. 1922ರ ತಿದ್ದುಪಡಿಯ ನಂತರ ಅದನ್ನು ಭಾನುವಾರದಂತೆಯೇ ಆಚರಿಸಬೇಕಾಯಿತು. ಆಸ್ಟ್ರೇಲಿಯಾದ ಎಲ್ಲ ರಾಜ್ಯಗಳಲ್ಲಿ 1927ರ ಹೊತ್ತಿಗೆ ಅದು ಯಾವುದಾದರೊಂದು ರೂಪದಲ್ಲಿ ಸಾರ್ವಜನಿಕ ರಜಾದಿನವಾಗಿತ್ತು.

ಕಾಲಕ್ರಮದಲ್ಲಿ ಈ ನಿರ್ಬಂಧಗಳು ಸಡಿಲಗೊಂಡವು. ವಿಕ್ಟೋರಿಯಾ ರಾಜ್ಯದಲ್ಲಿ 1960ರಲ್ಲಿ ಆನ್‌ಜಾಕ್ ದಿನದ ಮಧ್ಯಾಹ್ನ ಪ್ರಮುಖ ಫುಟ್‌ಬಾಲ್ ಪಂದ್ಯಗಳನ್ನು ಆಡಲು ಅವಕಾಶವಾಯಿತು. ನ್ಯೂಜಿಲೆಂಡಿನ 1966ರ ಕಾಯ್ದೆಯು ಮಧ್ಯಾಹ್ನ ಒಂದು ಗಂಟೆಯ ನಂತರ ಕ್ರೀಡೆಗೂ ಮನರಂಜನೆಗೂ ದಾರಿ ಮಾಡಿಕೊಟ್ಟಿತು. ಬೆಳಗಿನ ಹೊತ್ತು ಸ್ಮರಣೆಗೆ, ಮಧ್ಯಾಹ್ನದ ನಂತರದ ಹೊತ್ತು ಬಿಡುವಿಗೆ ಎಂಬ ಹೊಂದಾಣಿಕೆ ಹೀಗೆ ರೂಪುಗೊಂಡಿತು. ಇಂದಿನ ಪಂದ್ಯಗಳೂ ಇದನ್ನೇ ಪಾಲಿಸುತ್ತವೆ.

ಇದೇ ದಿನದಂದು ಪ್ರತಿವರ್ಷವೂ ಅವೇ ಎರಡು ತಂಡಗಳು ಎದುರಾಗುವ ಪದ್ಧತಿಗೆ ಪ್ರಸಿದ್ಧ ಮಾದರಿಯೊದಗಿಸಿದ್ದು ಮೆಲ್ಬರ್ನ್‌ನ ಆಸ್ಟ್ರೇಲಿಯನ್ ಫುಟ್‌ಬಾಲ್. 1995ರಲ್ಲಿ ಎಸೆಂಡನ್ ಮತ್ತು ಕಾಲಿಂಗ್‌ವುಡ್ ತಂಡಗಳ ನಡುವೆ ನಡೆದ ಪಂದ್ಯವನ್ನು ನೋಡಲು 94,825 ಜನ ಸೇರಿದ್ದರು. ಆ ಪಂದ್ಯ 111–111ರಲ್ಲಿ ಸಮವಾಯಿತು.

ಸಿಡ್ನಿಯ ಪಂದ್ಯ

ರೂಸ್ಟರ್ಸ್ ಮತ್ತು ಡ್ರ್ಯಾಗನ್ಸ್ ನಡುವಿನ ವಾರ್ಷಿಕ ಪಂದ್ಯವು 2002ರಿಂದ ನಡೆಯುತ್ತಿದೆ. ಎರಡೂ ತಂಡಗಳಿಗೆ ದೀರ್ಘ ಇತಿಹಾಸವಿದೆ. ರೂಸ್ಟರ್ಸ್, 1908ರ ಮೊದಲ ಪಂದ್ಯಾವಳಿಯಿಂದ ಇಂದಿನವರೆಗೆ ಒಂದು ವರ್ಷವೂ ತಪ್ಪದೆ ಆಡಿರುವ ಏಕೈಕ ಕ್ಲಬ್. ಡ್ರ್ಯಾಗನ್ಸ್ ತಂಡವು 1921ರಲ್ಲಿ ಪ್ರಥಮ ದರ್ಜೆಗೆ ಬಂದ ಸೇಂಟ್ ಜಾರ್ಜ್ ಮತ್ತು 1982ರಲ್ಲಿ ಬಂದ ಇಲವಾರ ಸ್ಟೀಲರ್ಸ್ ಕ್ಲಬ್ಬುಗಳ ಜಂಟಿ ತಂಡವಾಗಿದ್ದು, 1999ರಿಂದ ಆಡುತ್ತಿದೆ. ಸೇಂಟ್ ಜಾರ್ಜ್ 1956ರಿಂದ 1966ರವರೆಗೆ ಸತತ ಹನ್ನೊಂದು ಬಾರಿ ಪ್ರಶಸ್ತಿ ಗೆದ್ದ ದಾಖಲೆ ಹೊಂದಿದೆ.

ಪಂದ್ಯದ ನೆಲೆ ಸಾಮಾನ್ಯವಾಗಿ ಸಿಡ್ನಿ ಫುಟ್‌ಬಾಲ್ ಕ್ರೀಡಾಂಗಣ. ಹಳೆಯ ಕ್ರೀಡಾಂಗಣವನ್ನು ಕೆಡವಿ ಹೊಸದನ್ನು ಕಟ್ಟುತ್ತಿದ್ದ ಅವಧಿಯಲ್ಲಿ ಪಕ್ಕದ ಸಿಡ್ನಿ ಕ್ರಿಕೆಟ್ ಮೈದಾನವನ್ನು ಬಳಸಲಾಯಿತು. ಹೊಸ ಕ್ರೀಡಾಂಗಣ 2022ರ ಆಗಸ್ಟ್‌ನಲ್ಲಿ ತೆರೆಯಿತು. ಪಂದ್ಯದ ಉತ್ತಮ ಆಟಗಾರನಿಗೆ ಆಷ್ಟನ್–ಕಾಲಿಯರ್ ಪದಕ ನೀಡಲಾಗುತ್ತದೆ.

ಸ್ಮರಣಾ ವಿಧಿ

ಆಟ ಆರಂಭವಾಗುವ ಮುನ್ನ ಮೈದಾನದಲ್ಲಿ ಸ್ಮರಣಾ ವಿಧಿ ನಡೆಯುತ್ತದೆ. ಎರಡೂ ತಂಡಗಳ ಆಟಗಾರರು ಸಾಲಾಗಿ ನಿಲ್ಲುತ್ತಾರೆ. ನಿವೃತ್ತ ಯೋಧರು ಮತ್ತು ಸೇವೆಯಲ್ಲಿರುವ ಸೈನಿಕರು ಮೈದಾನಕ್ಕೆ ಬರುತ್ತಾರೆ. ಮಡಿದವರನ್ನು ಕುರಿತ ಸ್ಮರಣಾ ವಚನವನ್ನು ಓದಲಾಗುತ್ತದೆ. ಇದು ಇಂಗ್ಲಿಷ್ ಕವಿ ಲಾರೆನ್ಸ್ ಬಿನಿಯನ್ 1914ರಲ್ಲಿ ಬರೆದ ಕವಿತೆಯ ಭಾಗ. ಬಳಿಕ ‘ಲಾಸ್ಟ್ ಪೋಸ್ಟ್’ ಎಂಬ ಕಹಳೆಯ ನಾದ ಮೊಳಗುತ್ತದೆ. ಸೇನಾ ಶಿಬಿರದಲ್ಲಿ ದಿನದ ಕೆಲಸ ಮುಗಿದುದನ್ನು ಸೂಚಿಸುತ್ತಿದ್ದ ಈ ನಾದ ಮುಂದೆ ಯೋಧರ ಅಂತ್ಯಕ್ರಿಯೆಯ ಸಂಕೇತವಾಯಿತು. ಅನಂತರ ಇಡೀ ಕ್ರೀಡಾಂಗಣ ಎದ್ದುನಿಂತು ಮೌನ ಆಚರಿಸುತ್ತದೆ. ಬೆಳಗಿನ ಎಚ್ಚರಿಕೆಯ ಕಹಳೆಯೊಂದಿಗೆ ಮೌನ ಮುಗಿದು, ರಾಷ್ಟ್ರಗೀತೆಯ ಬಳಿಕ ಆಟ ಶುರುವಾಗುತ್ತದೆ. ಗದ್ದಲಕ್ಕೆ ಹೆಸರಾದ ಪ್ರೇಕ್ಷಕ ಸಮೂಹವೊಂದು ಹೀಗೆ ನಿಶ್ಶಬ್ದವಾಗುವುದು ಈ ಪಂದ್ಯದ ವಿಶಿಷ್ಟ ಲಕ್ಷಣವೆನಿಸಿದೆ.

ಗಮನಾರ್ಹ ಪಂದ್ಯಗಳು

2015: ಗುಡುಗು, ಮಿಂಚು ಮತ್ತು ಆಲಿಕಲ್ಲು ಮಳೆಯಿಂದಾಗಿ ಆಟವನ್ನು ಕೆಲಕಾಲ ನಿಲ್ಲಿಸಬೇಕಾಯಿತು.

2017: ನಿಗದಿತ ಅವಧಿಯಲ್ಲಿ ಪಂದ್ಯ ಸಮವಾದ ಕಾರಣ, ಮೊದಲು ಅಂಕ ಗಳಿಸಿದವರು ಗೆಲ್ಲುವ ಹೆಚ್ಚುವರಿ ಆಟದಲ್ಲಿ ರೂಸ್ಟರ್ಸ್ 13–12ರಿಂದ ಜಯಗಳಿಸಿತು.

2020: ಕೋವಿಡ್-19 ಸಾಂಕ್ರಾಮಿಕದ ಕಾರಣ ಮಾರ್ಚ್‌ನಿಂದ ಮೇ ಅಂತ್ಯದವರೆಗೆ ಎನ್‌ಆರ್‌ಎಲ್ ಸ್ಥಗಿತಗೊಂಡಿದ್ದರಿಂದ ಆನ್‌ಜಾಕ್ ದಿನದ ಪಂದ್ಯ ನಡೆಯಲಿಲ್ಲ.

2022: ಡ್ರ್ಯಾಗನ್ಸ್ 14–12ರಿಂದ ಗೆದ್ದಿತು.

2023: ರೂಸ್ಟರ್ಸ್ 27–26ರಿಂದ, ಅಂದರೆ ಒಂದೇ ಅಂಕದ ಅಂತರದಿಂದ, ಗೆದ್ದಿತು.

2024: ರೂಸ್ಟರ್ಸ್ 60–18ರ ಭಾರಿ ಅಂತರದಿಂದ ಜಯಗಳಿಸಿತು.

ಸಂಬಂಧಿತ ಇತರ ಪಂದ್ಯಗಳು

ಮೆಲ್ಬರ್ನ್ ಸ್ಟಾರ್ಮ್ ಮತ್ತು ನ್ಯೂಜಿಲೆಂಡ್ ವಾರಿಯರ್ಸ್: ಎನ್‌ಆರ್‌ಎಲ್‌ನಲ್ಲಿ ಆಡುವ ಏಕೈಕ ನ್ಯೂಜಿಲೆಂಡ್ ಕ್ಲಬ್ ವಾರಿಯರ್ಸ್. 2009ರಿಂದ ಈ ತಂಡ ಆನ್‌ಜಾಕ್ ದಿನದಂದು ಮೆಲ್ಬರ್ನ್‌ನಲ್ಲಿ ಸ್ಟಾರ್ಮ್ ತಂಡವನ್ನು ಎದುರಿಸುವುದು ರೂಢಿಯಾಯಿತು. ಎರಡೂ ದೇಶಗಳ ಸೈನಿಕರು ಒಂದೇ ದಳದಲ್ಲಿ ಹೋರಾಡಿದ ನೆನಪಿಗೆ ಈ ಜೋಡಿ ಹೆಚ್ಚು ಹೊಂದುತ್ತದೆ. 2009ರ ಪಂದ್ಯ ಹೆಚ್ಚುವರಿ ಆಟದ ನಂತರವೂ 14–14ರಲ್ಲಿ ಸಮವಾಗಿ ಉಳಿಯಿತು. 2022ರಲ್ಲಿ ಸ್ಟಾರ್ಮ್ 70–10ರಿಂದ ಗೆದ್ದಿತು.

ಆನ್‌ಜಾಕ್ ಟೆಸ್ಟ್: ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ರಾಷ್ಟ್ರೀಯ ತಂಡಗಳ ನಡುವಿನ ಈ ಪಂದ್ಯ 1997ರಲ್ಲಿ ಆರಂಭವಾಯಿತು. ಆಗ ಆಸ್ಟ್ರೇಲಿಯಾದ ರಗ್ಬಿ ಲೀಗ್ ಎರಡು ಪ್ರತಿಸ್ಪರ್ಧಿ ಸಂಸ್ಥೆಗಳಾಗಿ ಒಡೆದಿತ್ತು. ಅವುಗಳಲ್ಲೊಂದಾದ ಸೂಪರ್ ಲೀಗ್ ಏಪ್ರಿಲ್ 25ರಂದು ಸಿಡ್ನಿಯಲ್ಲಿ ನಡೆಸಿದ ಮೊದಲ ಪಂದ್ಯವನ್ನು ಆಸ್ಟ್ರೇಲಿಯಾ 34–22ರಿಂದ ಗೆದ್ದುಕೊಂಡಿತು. ಮುಂದಿನ ವರ್ಷಗಳಲ್ಲಿ ಬಹುತೇಕ ಪಂದ್ಯಗಳು ಆ ದಿನದ ಆಸುಪಾಸಿನಲ್ಲಿ ನಡೆದವು. ನ್ಯೂಜಿಲೆಂಡ್ ಗೆದ್ದದ್ದು ಎರಡೇ ಬಾರಿ: 1998ರಲ್ಲಿ 22–16ರಿಂದ ಮತ್ತು 2015ರಲ್ಲಿ 26–12ರಿಂದ. ಉತ್ತಮ ಆಟಗಾರನಿಗೆ ನೀಡುತ್ತಿದ್ದ ಪದಕಕ್ಕೆ, ಗ್ಯಾಲಿಪೊಲಿಯಲ್ಲಿ ಮಡಿದ ಚಾರ್ಲ್ಸ್ ಸೇವರಿಯ ಹೆಸರಿಡಲಾಗಿತ್ತು. 2017ರ ಪಂದ್ಯದೊಂದಿಗೆ ಈ ಸರಣಿ ಕೊನೆಗೊಂಡಿತು.

ಟೀಕೆ ಮತ್ತು ಸಮರ್ಥನೆ

ಆನ್‌ಜಾಕ್ ದಿನದ ಪಂದ್ಯಗಳ ಬಗ್ಗೆ ಮುಖ್ಯವಾಗಿ ಎರಡು ಆಕ್ಷೇಪಗಳಿವೆ. ಮೊದಲನೆಯದು ವಾಣಿಜ್ಯಕ್ಕೆ ಸಂಬಂಧಿಸಿದ್ದು. ಟಿಕೆಟ್ ಮಾರಾಟ, ದೂರದರ್ಶನ ಪ್ರಸಾರ ಮತ್ತು ವಿಶೇಷ ಜೆರ್ಸಿಗಳ ವ್ಯಾಪಾರವು ಮಡಿದವರ ನೆನಪನ್ನು ಲಾಭದ ಸಾಧನವಾಗಿಸುತ್ತದೆ ಎಂಬುದು ಆ ವಾದ. ಎರಡನೆಯದು ಭಾಷೆಗೆ ಸಂಬಂಧಿಸಿದ್ದು. ಆಟಗಾರರನ್ನು ಯೋಧರೆಂದೂ ಪಂದ್ಯವನ್ನು ಸಮರವೆಂದೂ ಬಣ್ಣಿಸುವುದರಿಂದ ನಿಜವಾದ ಯುದ್ಧದ ಭೀಕರತೆ ಮರೆಯಾಗುತ್ತದೆ ಎಂದು ಟೀಕಾಕಾರರು ಹೇಳುತ್ತಾರೆ. ಸೋತ ಆಟಗಾರ ಮರುವಾರ ಮತ್ತೆ ಆಡುತ್ತಾನೆ. ಗ್ಯಾಲಿಪೊಲಿಯಲ್ಲಿ ಬಿದ್ದವರಿಗೆ ಆ ಅವಕಾಶವಿರಲಿಲ್ಲ.

ಸಮರ್ಥಕರ ಪ್ರಕಾರ, ಮುಂಜಾವಿನ ಸಭೆಗೆ ಹೋಗದ ಅನೇಕ ಯುವಜನರಿಗೆ ಸ್ಮರಣೆಯ ಅನುಭವ ದೊರೆಯುವುದು ಇಂಥ ಪಂದ್ಯಗಳಲ್ಲಿಯೇ. ಮಡಿದವರಲ್ಲಿ ಅನೇಕರು ಸ್ವತಃ ಆಟಗಾರರೂ ಪ್ರೇಕ್ಷಕರೂ ಆಗಿದ್ದುದರಿಂದ, ಅವರು ಮೆಚ್ಚಿದ ಆಟವನ್ನು ಆಡುವುದು ಅಗೌರವವಲ್ಲ ಎಂದೂ ಅವರು ವಾದಿಸುತ್ತಾರೆ. ಯುದ್ಧದ ದಿನಗಳಲ್ಲಿ ಆಟವನ್ನು ನಿಲ್ಲಿಸಬೇಕೇ ಮುಂದುವರಿಸಬೇಕೇ ಎಂದು ಸಿಡ್ನಿಯಲ್ಲಿ ನಡೆದ ಚರ್ಚೆಯೇ ಬೇರೊಂದು ರೂಪದಲ್ಲಿ ಇಂದಿಗೂ ಮುಂದುವರಿದಿದೆ.