ಬೆನ್ನು ಒತ್ತಿದರೆ ಸಾಲದು, ಬರೆದೂ ಇಡಬೇಕು

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನಾವು ಮಾತ್ರೆ ಎಣಿಸುತ್ತೇವೆ, ಚೀಟಿ ಓದುವುದಿಲ್ಲ. ಆದರೆ ವಿಮೆ ಇದ್ದ ಕಡೆ ಹಣ ಸಿಗುತ್ತದೋ ಇಲ್ಲವೋ ಎನ್ನುವುದು ನಿಂತಿರುವುದೇ ಆ ಬರಹದ ಮೇಲೆ. ಅಮೆರಿಕದ ಕೈರೋಪ್ರಾಕ್ಟಿಕ್ ಚಿಕಿತ್ಸೆಯ ಇತಿಹಾಸ ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ಸರಿಪಡಿಸುವ ಈ ಪದ್ಧತಿಯನ್ನು 1895ರಲ್ಲಿ ಅಯೋವಾ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್ ಶುರು ಮಾಡಿದರು. ಅದಕ್ಕೆ ಎರಡು ವರ್ಷ ಮೊದಲು, 1893ರಲ್ಲಿ, ಫ್ರಾನ್ಸಿನ ಜಾಕ್ ಬರ್ಟಿಲೋನ್ ಸಾವಿನ ಕಾರಣಗಳ ಪಟ್ಟಿಯೊಂದನ್ನು ಮುಂದಿಟ್ಟಿದ್ದರು. ಎಲ್ಲ ದೇಶಗಳೂ ಸಾವುಗಳನ್ನು ಒಂದೇ ರೀತಿ ಎಣಿಸಲಿ ಎಂಬುದು ಅದರ ಉದ್ದೇಶ. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಪಟ್ಟಿಗೆ ಕಾಯಿಲೆಗಳನ್ನೂ ಸೇರಿಸಿತು. ಇಂದಿನ ರೋಗಸಂಕೇತಗಳ ಮೂಲ ಇದೇ.

ಈ ಎರಡು ದಾರಿಗಳು ಕೂಡಿದ್ದು ಮೆಡಿಕೇರ್‌ನಲ್ಲಿ. ಅದು ಅಮೆರಿಕದ ಹಿರಿಯರಿಗೂ ಅಂಗವಿಕಲರಿಗೂ ಇರುವ ಸರ್ಕಾರಿ ವಿಮೆ. 1972ರ ಕಾನೂನಿನಂತೆ ಅದು ಕೈರೋಪ್ರಾಕ್ಟಿಕ್‌ಗೂ ಹಣ ಕೊಡತೊಡಗಿತು. ಅದಕ್ಕೊಂದು ಷರತ್ತಿತ್ತು: ಬೆನ್ನುಮೂಳೆಯ ದೋಷ ಎಕ್ಸ್‌ರೇಯಲ್ಲಿ ಕಾಣಬೇಕು. 2000ದಿಂದ ಎಕ್ಸ್‌ರೇ ಕಡ್ಡಾಯವಲ್ಲ, ಕೈಯಿಂದ ಪರೀಕ್ಷಿಸಿ ಬರೆದರೂ ಆಗುತ್ತದೆ. ನೋವು, ಎಡಬಲದ ವ್ಯತ್ಯಾಸ, ಕೀಲಿನ ಚಲನೆ, ಸ್ನಾಯುವಿನ ಬಿಗಿತ, ಈ ನಾಲ್ಕರಲ್ಲಿ ಎರಡಾದರೂ ದಾಖಲಾಗಬೇಕು. ಅದರಲ್ಲೊಂದು ಎಡಬಲದ ವ್ಯತ್ಯಾಸ ಇಲ್ಲವೇ ಚಲನೆಯದ್ದಾಗಿರಬೇಕು. ಬರೀ "ನೋವಿದೆ" ಎಂದು ಬರೆದರೆ ನಡೆಯುವುದಿಲ್ಲ.

ಬರೆಯದಿದ್ದರೆ ಏನಾಗುತ್ತದೆ? 2001ರಲ್ಲಿ ಹಣ ಪಾವತಿಯಾದ ಚಿಕಿತ್ಸೆಗಳನ್ನು ಸರ್ಕಾರಿ ತನಿಖಾಧಿಕಾರಿಗಳು ಪರಿಶೀಲಿಸಿ 2005ರಲ್ಲಿ ವರದಿ ಕೊಟ್ಟರು. ಅವುಗಳಲ್ಲಿ ಶೇ. 67ರಷ್ಟು ನಿಯಮಕ್ಕೆ ಹೊಂದುತ್ತಿರಲಿಲ್ಲ. ಬಹುಪಾಲು ಕಡತಗಳಲ್ಲಿ ಬೇಕಾದ ವಿವರ ಪೂರ್ತಿ ಇರಲಿಲ್ಲ. ಚಿಕಿತ್ಸೆಯಿಂದ ಗುಣ ಕಂಡಿದ್ದರೂ ಕಡತ ಖಾಲಿಯಿದ್ದರೆ ಅದನ್ನು ತೋರಿಸುವ ದಾರಿಯೇ ಇಲ್ಲ.

2015ರ ಅಕ್ಟೋಬರ್ 1ರಿಂದ ಅಮೆರಿಕದಲ್ಲಿ ಹತ್ತನೇ ಆವೃತ್ತಿಯ ಸಂಕೇತಗಳು ಬಂದವು. ಕತ್ತಿನ ಬೆನ್ನೆಲುಬಿನ ದೋಷಕ್ಕೆ ಎಂ 99.01, ಸೊಂಟದ್ದಕ್ಕೆ ಎಂ 99.03. ಸೊಂಟ ಒತ್ತಿ ಕತ್ತಿನ ಸಂಕೇತ ಬರೆದರೆ ಬಿಲ್ಲಿಗೂ ಕಡತಕ್ಕೂ ತಾಳೆಯಾಗದು. ಹಣಕ್ಕಾಗಿ ಇಲ್ಲದ ಕಾಯಿಲೆ ಬರೆದರಂತೂ ಅದು ಮೋಸ. ಆ ಸುಳ್ಳು ರೋಗಿಯ ದಾಖಲೆಯಲ್ಲೇ ಉಳಿದು, ಮುಂದೆ ನೋಡುವ ವೈದ್ಯರ ದಾರಿ ತಪ್ಪಿಸಬಹುದು.

ಸಂಕೇತ ಕಾಯಿಲೆಯ ಹೆಸರನ್ನಷ್ಟೇ ಹೇಳುತ್ತದೆ. ಅದು ನಿಜವೇ ಎಂಬುದಕ್ಕೆ ಸಾಕ್ಷಿ ವೈದ್ಯರು ಬರೆದ ನಾಲ್ಕು ಸಾಲು. ನಮ್ಮಲ್ಲೂ ಈಗ ವಿಮೆ ಕಾರ್ಡು ಹಿಡಿದೇ ಆಸ್ಪತ್ರೆಗೆ ಹೋಗುವವರು ಬಹಳ. ಬಿಡುಗಡೆ ಚೀಟಿ ಕೈಗೆ ಬಂದಾಗ ಕಾಯಿಲೆಯ ಹೆಸರೇನು, ಯಾವ ಭಾಗಕ್ಕೆ ಏನು ಮಾಡಿದರು ಎಂದು ಕೇಳಿ ಓದಿಸಿಕೊಳ್ಳೋಣ. ಅದು ನಮ್ಮ ಹಕ್ಕು.