ಗಂಡೂಷ, ಕವಲ, ಉಪ್ಪುನೀರು

ಹಲ್ಲು ಕಿತ್ತ ಮೇಲೆ ಉಳಿಯುವ ಕುಳಿಯಷ್ಟು ವಿಚಿತ್ರವಾದ ಗಾಯ ಅಪರೂಪ. ಕೈಗೆ ಗಾಯವಾದರೆ ಬಟ್ಟೆ ಸುತ್ತಿ ಮುಚ್ಚಿಡಬಹುದು. ಇದನ್ನಾದರೋ ಅನ್ನ, ನೀರು, ಮಾತುಗಳೆಲ್ಲ ಹಾದುಹೋಗುವ ಹೆಬ್ಬಾಗಿಲಿನಲ್ಲೇ ಬಿಟ್ಟು ಮಾಯಿಸಬೇಕು. ಅದನ್ನು ಯಾವ ದ್ರವದಿಂದ ತೊಳೆಯಬೇಕೆಂಬ ಪ್ರಶ್ನೆ ಬಹಳ ಹಳೆಯದು. ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿದವನು. ಎರಡು ಶಬ್ದಗಳ ಬೆನ್ನುಹತ್ತಿ ಈ ಚರಿತ್ರೆಯೊಳಗೆ ಹೊಕ್ಕೆ.

ಗಂಡೂಷ ಮತ್ತು ಕವಲ ಎಂಬವೇ ಆ ಶಬ್ದಗಳು. ಬಾಯೊಳಗೆ ಸುಲಭವಾಗಿ ಹೊರಳಾಡಿಸಬಹುದಾದಷ್ಟು ದ್ರವ ಕವಲ. ಅಲುಗಾಡಿಸಲಾಗದಂತೆ ಬಾಯ್ತುಂಬ ಹಿಡಿದದ್ದು ಗಂಡೂಷ ಎಂದು ಸುಶ್ರುತಸಂಹಿತೆ ಭೇದ ಮಾಡುತ್ತದೆ. (ಕವಲವೇ ನಮ್ಮಲ್ಲಿ ಕವಳವಾಗಿ, ಉತ್ತರ ಕನ್ನಡದ ಕಡೆ ಎಲೆಯಡಿಕೆಗೆ ಹೆಸರಾಗಿದೆ. ದಂತವೈದ್ಯರು ಕೇಳಿದರೆ ನಕ್ಕಾರು!) ಅಲ್ಲಿ ಹೇಳಿದ ನಾಲ್ಕು ಬಗೆಗಳಲ್ಲಿ ರೋಪಣವೆಂಬುದು ಗಾಯ ಮಾಯಿಸಲೆಂದೇ ಇದೆ. ಮೇಲ್ದವಡೆಯ ಹಲ್ಲು ಸಡಿಲವಾಗಿದ್ದರೂ ಕೀಳಬಾರದು, ರಕ್ತಸ್ರಾವ ಅಪಾಯಕರ ಎಂದು ಎಚ್ಚರಿಸುವ ಆ ಗ್ರಂಥ, ತೊಳೆಯುವುದಕ್ಕೆ ಜಾಜಿ, ಖದಿರ ಮೊದಲಾದವುಗಳ ಕಷಾಯವನ್ನು ವಿಧಿಸುತ್ತದೆ. ರಕ್ತದ ಬಗೆಗಿನ ಈ ಭಯ ನನಗೆ ಕಷಾಯದ ಪಟ್ಟಿಗಿಂತ ಹೆಚ್ಚು ಅರ್ಥವತ್ತಾಗಿ ಕಂಡಿತು.

ಯೂರೋಪಿನ ಕಥೆ ಬೇರೆ ಬಗೆಯದು. ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1683ರಲ್ಲಿ ತನ್ನ ಹಲ್ಲಿನ ಕೊಳೆಯನ್ನು ಮಸೂರದಡಿಯಲ್ಲಿಟ್ಟು ನೋಡಿದ. ಅದರಲ್ಲಿ ಜೀವಿಗಳು ಓಡಾಡುತ್ತಿದ್ದವು. ಕೊಳೆಗೆ ನೇರವಾಗಿ ವಿನೆಗರ್ ಬೆರೆಸಿದರೆ ಅವು ಸತ್ತವು. ವಿನೆಗರಿನಿಂದ ಬಾಯಿ ಮುಕ್ಕಳಿಸಿದರೆ ಹಲ್ಲುಸಂದಿಯವು ಬದುಕಿಯೇ ಉಳಿದವು. ಮುಕ್ಕಳಿಕೆಯ ಮಿತಿ ಅಂದೇ ಗೊತ್ತಾಗಿತ್ತು. ಆದರೂ 1867ರಲ್ಲಿ ಲಿಸ್ಟರ್ ಕಾರ್ಬಾಲಿಕ್ ಆಮ್ಲದ ಚಿಕಿತ್ಸೆಯನ್ನು ಪ್ರಕಟಿಸಿದ ಮೇಲೆ ಕೊಲ್ಲುವ ದ್ರವದ ಹುಡುಕಾಟವೇ ಮೇಲಾಯಿತು. 1879ರಲ್ಲಿ ಅಮೆರಿಕದ ಸೇಂಟ್ ಲೂಯಿಸಿನಲ್ಲಿ ಲಿಸ್ಟರೀನ್ ಹುಟ್ಟಿತು. 1954ರಲ್ಲಿ ಇಂಗ್ಲೆಂಡಿನ ರಸಾಯನಜ್ಞರು ಕ್ಲೋರ್‌ಹೆಕ್ಸಿಡೀನನ್ನು ಪ್ರಕಟಿಸಿದರು. 1970ರಲ್ಲಿ ಡೆನ್ಮಾರ್ಕಿನ ಲೋ ಮತ್ತು ಶಿಯೋಟ್ ಅದರಿಂದ ಮುಕ್ಕಳಿಸಿದರೆ ಹಲ್ಲಿನ ಮೇಲೆ ಕೊಳೆ ಕಟ್ಟದೆಂದು ತೋರಿಸಿದರು.

ಆದರೆ ಕುಳಿಯನ್ನು ಮಾಯಿಸುವುದು ದ್ರವವಲ್ಲ, ಅದರಲ್ಲಿ ಹೆಪ್ಪುಗಟ್ಟಿದ ರಕ್ತ. ಆ ಹೆಪ್ಪಿನೊಳಕ್ಕೆ ಹೊಸ ಅಂಗಾಂಶ ಬೆಳೆದು, ಕ್ರಮೇಣ ಎಲುಬಾಗುತ್ತದೆ. ಹೆಪ್ಪು ಕರಗಿತೋ, ಕಿತ್ತುಬಂತೋ, ಎಲುಬು ಬಯಲಾಗಿ, ಒಂದೆರಡು ದಿನಗಳಲ್ಲಿ ಕಿವಿಯವರೆಗೆ ಸಿಡಿಯುವ ನೋವು ಹುಟ್ಟುತ್ತದೆ. 1896ರಲ್ಲಿ ಕ್ರಾಫರ್ಡ್ ಎಂಬಾತ ಇದಕ್ಕೆ ‘ಒಣಕುಳಿ’ ಎಂಬರ್ಥದ ಹೆಸರಿಟ್ಟ. ಕೆಳಗಿನ ಬುದ್ಧಿಹಲ್ಲು ಕಿತ್ತವರನ್ನು ಅದು ಹೆಚ್ಚಾಗಿ ಕಾಡುತ್ತದೆ. ಆದ್ದರಿಂದಲೇ ಮೊದಲ 24 ಗಂಟೆ ಮುಕ್ಕಳಿಸಲೇಬೇಡಿ, ರಭಸದಿಂದ ಉಗುಳಬೇಡಿ ಎನ್ನುತ್ತಾರೆ ವೈದ್ಯರು. ಆಮೇಲೂ ಬಾಯಲ್ಲಿ ನೀರು ಹಿಡಿದು, ತಲೆ ವಾಲಿಸಿ, ಮೆಲ್ಲನೆ ಹೊರಚೆಲ್ಲಬೇಕು. ಸುಶ್ರುತನ ಭೇದ ಈ ಕುಳಿಗೆಂದು ಮಾಡಿದ್ದಲ್ಲ. ಆದರೂ ಇದು ಗಂಡೂಷಕ್ಕೆ ಹತ್ತಿರ, ಕವಲಕ್ಕೆ ದೂರ.

ಹಾಗಾದರೆ ಯಾವ ದ್ರವ? ಕ್ಲೋರ್‌ಹೆಕ್ಸಿಡೀನಿನ ಪರವಾಗಿ ಬಲವಾದ ಸಾಕ್ಷ್ಯವಿದೆ. ಕೀಳುವ ಮುನ್ನ ಮತ್ತು ಅನಂತರ ಬಳಸಿದರೆ ಒಣಕುಳಿ ಕಡಮೆಯಾಗುತ್ತದೆಂದು 2022ರ ಕಾಕ್ರೇನ್ ಸಮೀಕ್ಷೆ ಹೇಳಿತು. ಅದು ಹಲ್ಲಿಗೆ ಕಂದು ಬಣ್ಣ ಹಿಡಿಸುತ್ತದೆ, ರುಚಿ ಕೆಡಿಸುತ್ತದೆ. ಅದರಿಂದ ಒಣಕುಳಿ ತೊಳೆದಾಗ ತೀವ್ರ ಅಲರ್ಜಿಯಾಗಿ ಬ್ರಿಟನ್ನಿನಲ್ಲಿ ಇಬ್ಬರು ಸತ್ತ ಸಂಗತಿ 2012ರಲ್ಲಿ ವರದಿಯಾಯಿತು. ಇತ್ತ ಉಪ್ಪುನೀರನ್ನು ಅಜ್ಜಿಮದ್ದೆಂದು ಪರೀಕ್ಷೆಯಿಲ್ಲದೆ ಬಹುಕಾಲ ಬಿಟ್ಟಿದ್ದರು. 2014ರಲ್ಲಿ ನೈಜೀರಿಯದ ವೈದ್ಯರು 120 ರೋಗಿಗಳನ್ನು ಮೂರು ಗುಂಪು ಮಾಡಿ ನೋಡಿದರು. ಬಿಸಿ ಉಪ್ಪುನೀರು ಬಳಸಿದವರಲ್ಲಿ ಒಣಕುಳಿ, ಬಳಸದವರಿಗಿಂತ ಸ್ಪಷ್ಟವಾಗಿ ಕಡಮೆಯಿತ್ತು. ದಿನಕ್ಕೆ 6 ಸಲ ಬಳಸಿದವರಿಗೂ 2 ಸಲ ಬಳಸಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.